ಗೋಡೆಯ ಆಚೆಯ ಮೈ

ಗೋಡೆಗೆ ಎರಡು ಮೈಗಳಿರುತ್ತವೆ ಎಂಬುದು ಒಬ್ಬರು ಹೇಳಿ ಇನ್ನೊಬ್ಬರು ತಿಳಿಯಬೇಕಾದ ಸಂಗತಿಯಲ್ಲ; ಕಣ್ಣಿದ್ದ ಕೂಸಿಗೂ ಅದು ಗೊತ್ತು. ಆದರೂ ವಯಸ್ಸಿನ ಅರವತ್ತೆಂಟನೆಯ ವರ್ಷದವರೆಗೆ ನಾನು ಅದನ್ನು ನಿಜವಾಗಿ ಅರಿತಿರಲಿಲ್ಲವೆಂದರೆ ವಾಚಕರು ನಗಬಹುದು. ಆ ಅರಿವು ನನಗೆ ಬಂದದ್ದು ಪುಸ್ತಕದಿಂದಲ್ಲ; ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದ ನನ್ನ ಉದ್ಯೋಗದಿಂದಲೂ ಅಲ್ಲ. ಒಂದು ನಾಟಕಕ್ಕೆಂದು ಕಟ್ಟಿಗೆಯಿಂದ ಮಾಡಿದ, ಒಂದೇ ರಾತ್ರಿ ನಿಂತು ಮರುದಿನ ಕಳಚಿಹೋದ ಒಂದು ಸುಳ್ಳು ಗೋಡೆಯಿಂದ ಬಂತು.

ನಾನು ಹುಟ್ಟಿದ ಊರು ಸುರಪುರ. ನೌಕರಿಯ ನಿಮಿತ್ತ ಬಂದು ನೆಲಸಿದ್ದು ಯಾದಗಿರಿಯಲ್ಲಿ. ಇವೆರಡರ ನಡುವೆ ಶಹಾಪುರ. ಯಾದಗಿರಿಗೆ ರೈಲುಂಟು, ಉಳಿದೆರಡು ಊರುಗಳಿಗೆ ಇಲ್ಲ. ಹೀಗಾಗಿ ಭೀಮೆಯ ಸೇತುವೆಯನ್ನು ದಾಟಿ, ಶಹಾಪುರದ ಮೇಲಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಆಯುಷ್ಯದ ಎಷ್ಟೋ ಗಂಟೆಗಳು ಕಳೆದಿವೆ. 2018ರ ಚಳಿಗಾಲದಲ್ಲಿ ಶಹಾಪುರದ ಕೆಲವರು ತರುಣ ಶಿಕ್ಷಕರು ಕೂಡಿ ಒಂದು ನಾಟಕ ಆಡಲು ಹೊರಟರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಮುದುಕನಿಗೆ ಹೊತ್ತು ಹೋಗಲಿ ಎಂದೋ, ಬೇಡವೆಂದರೆ ಬೇಸರಪಟ್ಟಾನು ಎಂದೋ ನನ್ನನ್ನೂ ಕರೆದರು. ರಂಗದ ಮೇಲೆ ಏನೇನು ನಿಲ್ಲಬೇಕೋ ಅದರ ಉಸ್ತುವಾರಿ ನನಗೆ ಬಂತು.

ಕಥೆಯನ್ನು ಅವರೇ ಹೆಣೆದಿದ್ದರು. ಇಬ್ಬರು ಅಣ್ಣತಮ್ಮಂದಿರು ಪಾಲಾಗುತ್ತಾರೆ. ಪಡಸಾಲೆಯ ನಡುವೆ ಗೋಡೆ ಎಬ್ಬಿಸಿ, ಒಂದೇ ಮಾಳಿಗೆಯ ಕೆಳಗೆ ಎರಡು ಮನೆ ಮಾಡಿಕೊಳ್ಳುತ್ತಾರೆ. ನಮ್ಮ ಸೀಮೆಯಲ್ಲಿ ಇದು ಕಥೆಯೂ ಅಲ್ಲ, ದಿನದ ಸಂಗತಿ. ಹೊಸತನವಿದ್ದದ್ದು ಆಡುವ ರೀತಿಯಲ್ಲಿ. ಶಾಲೆಯ ಅಂಗಳದ ನಡುವೆ ಒಂದು ಕಟ್ಟೆ. ಅದರ ಒಂದು ಮಗ್ಗುಲಿಗೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕುವಷ್ಟು ಬಯಲು. ಇನ್ನೊಂದು ಮಗ್ಗುಲಿಗೆ ಶಾಲೆಯ ಮೆಟ್ಟಿಲ ಸಾಲು. ಕಟ್ಟೆಯ ನಟ್ಟನಡುವೆ ಉದ್ದಕ್ಕೂ ಗೋಡೆ. ಬೇವಿನ ಕಡೆ ಕೂತವರಿಗೆ ತಮ್ಮನ ಮನೆ ಮಾತ್ರ ಕಾಣಬೇಕು, ಮೆಟ್ಟಿಲ ಕಡೆ ಕೂತವರಿಗೆ ಅಣ್ಣನ ಮನೆ ಮಾತ್ರ. ಆಚೆಯ ಮಾತು ಈಚೆಗೆ ಗೋಡೆ ಹಾಯ್ದು ಕೇಳಬೇಕು. ಮಧ್ಯಂತರದಲ್ಲಿ ಜನರೆಲ್ಲ ಎದ್ದು ಸ್ಥಳ ಅದಲುಬದಲು ಮಾಡಿಕೊಳ್ಳಬೇಕು. ಅದೇ ದಿನದ ಅದೇ ಘಟನೆ ಮತ್ತೊಮ್ಮೆ ನಡೆಯಬೇಕು. ಕೇಳಲು ಚೆನ್ನಾಗಿತ್ತು. ಆದರೆ ಅಂಥ ಗೋಡೆಯನ್ನು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವ ಕಾರಣವೂ ಇರಲಿಲ್ಲವೆನ್ನಬೇಕು. ಎರಡು ಕಡೆಯಿಂದ ನೋಡುವ ಗೋಡೆ ನಮ್ಮ ರಂಗಭೂಮಿಗೆ ಅಷ್ಟಾಗಿ ಪರಿಚಯದ ವಸ್ತುವಲ್ಲ.

ಹಾಗೆ ನೋಡಿದರೆ ಗೋಡೆಯೇ ನಮ್ಮ ರಂಗಕ್ಕೆ ತಡವಾಗಿ ಬಂದದ್ದು. ಭರತನ ನಾಟ್ಯಶಾಸ್ತ್ರದಲ್ಲಿ ನಟನು ರಂಗದ ಮೇಲೆ ಒಂದು ಸುತ್ತು ನಡೆದರೆ ಸಾಕು, ಅರಮನೆ ಹೋಗಿ ಅಡವಿ ಬರುತ್ತದೆ. ಸ್ಥಳದ ಭೇದವನ್ನು ನೋಡುವವರ ಮನಸ್ಸು ಕಟ್ಟಿಕೊಳ್ಳುತ್ತದೆ. ಹಾಗೆಂದು ಭರತಮುನಿಗೆ ಕೈಕೆಲಸದ ಅರಿವಿರಲಿಲ್ಲವೆಂದಲ್ಲ. ರಂಗಕ್ಕಾಗಿ ಮಾಡುವ ಕೃತಕ ವಸ್ತುಗಳಿಗೆ ‘ಪುಸ್ತ’ ಎಂದು ಹೆಸರಿಟ್ಟು, ಚಾಪೆ, ಬಟ್ಟೆ, ತೊಗಲುಗಳನ್ನು ಸೇರಿಸಿ ಮಾಡಿದ್ದು ‘ಸಂಧಿಮ’, ಯಂತ್ರದಿಂದ ಆಡುವುದು ‘ವ್ಯಾಜಿಮ’, ಸುತ್ತಿ ಮಾಡಿದ್ದು ‘ವೇಷ್ಟಿಮ’ ಎಂದು ಮೂರು ಬಗೆ ಹೇಳಿದ್ದಾನೆ. ಸಂಧಿ ಮಾಡುವುದೇ ಒಂದು ವಿದ್ಯೆ ಎಂಬುದನ್ನು ಅವನು ಮೊದಲೇ ಬಲ್ಲ. ನಮ್ಮ ಕಡೆಯ ದೊಡ್ಡಾಟ ಬಯಲಾಟಗಳೂ ಗೋಡೆಯ ಗೊಡವೆಗೆ ಹೋದವಲ್ಲ. ಬಣ್ಣದ ಪಡದೆಯನ್ನು ತಂದದ್ದು ಕಂಪನಿ ನಾಟಕ. ಪಾರ್ಸಿ ಮತ್ತು ಮರಾಠಿ ಮಂಡಳಿಗಳನ್ನು ನೋಡಿ ಕಲಿತದ್ದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಮುಂದೆ ವೀರಣ್ಣನವರ ಕಾಲಕ್ಕೆ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು; ಅಲ್ಲಿಯೂ ಅರಮನೆ ಪಡದೆಯ ಮೇಲೆಯೇ ಇತ್ತು. ಕೈಲಾಸಂ, ಶ್ರೀರಂಗ ಇವರ ನಾಟಕಗಳೊಡನೆ ನಮ್ಮಂಥವರ ಮನೆಯ ನಡುಮನೆಯೇ ರಂಗವೇರಿತು. ಆಗ ಗೋಡೆ, ಬಾಗಿಲು, ಕಿಟಕಿಗಳು ಬೇಕಾದವು. ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಬಿಗಿದು, ಬಣ್ಣ ಬಳಿದು, ಒಂದರ ಮಗ್ಗುಲಿಗೆ ಒಂದನ್ನು ನಿಲ್ಲಿಸಿದರೆ ಗೋಡೆಯಾಯಿತು. ಆದರೆ ಅದು ಒಂದೇ ಮೈಯ ಗೋಡೆ.

ಒಂದೇ ಮೈಯ ಗೋಡೆಯನ್ನು ಕೂಡಿಸುವುದು ಕಠಿಣವಲ್ಲ. ಬೇಕಾದದ್ದನ್ನೆಲ್ಲ ಹಿಂದೆ ಮಾಡಿದರಾಯಿತು. ಎರಡು ಚೌಕಟ್ಟುಗಳಿಗೆ ಹಿಂದಿನಿಂದ ಅಡ್ಡಪಟ್ಟಿ ಹೊಡೆಯಬಹುದು, ಹಗ್ಗ ಸುತ್ತಿ ಬಿಗಿಯಬಹುದು, ಬಿಜಾಗರಿ ಹಚ್ಚಬಹುದು, ಬೀಳದ ಹಾಗೆ ಓರೆಯಾಗಿ ಆನಿಕೆ ಕೊಟ್ಟು, ಅದರ ಬುಡಕ್ಕೆ ಉಸುಕಿನ ಚೀಲ ಹೇರಬಹುದು. ಮುಂದೆ ನೋಡಿದರೆ ಜಮೀನುದಾರರ ಬಂಗಲೆ. ಹಿಂದೆ ನೋಡಿದರೆ ಸಂತೆ ಮುಗಿದ ಮೇಲಿನ ಅಂಗಡಿ.

ಈ ಹಿಂದನ್ನು ನಾನು ಬಾಲ್ಯದಲ್ಲಿಯೇ ನೋಡಿದ್ದೆ. ಆಗ ನನಗೆ ಹತ್ತು ಹನ್ನೊಂದು ವರ್ಷವಿರಬಹುದು. ಜಾತ್ರೆಗೆ ಒಂದು ಕಂಪನಿ ಬಂದು ಡೇರೆ ಹಾಕಿತ್ತು. ನಾಟಕದ ನಡುವೆ ನಾನು ಹೇಗೋ ನುಸುಳಿ ಪಡದೆಯ ಹಿಂದೆ ಹೋದೆ. ಮುಂದಿನಿಂದ ನೋಡಿದಾಗ ಕಂಬ ಕಂಬಕ್ಕೂ ಬಂಗಾರ ಸುರಿಯುತ್ತಿದ್ದ ದರ್ಬಾರಿನ ಹಿಂಬದಿಯಲ್ಲಿ ತೇಪೆಗಳೂ ಬಣ್ಣ ಸೋರಿದ ಕಲೆಗಳೂ ಇದ್ದವು. ಮಹಾರಾಜರು ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸೇದುತ್ತಿದ್ದರು. ನನ್ನನ್ನು ನೋಡಿ ನಕ್ಕರು. ಮೋಸಹೋದೆನೆಂದು ನನಗೆ ಅನಿಸಿತೆ? ಇಲ್ಲ. ಮತ್ತೆ ಓಡಿಬಂದು ನೆಲದ ಮೇಲೆ ಕೂತು, ಅದೇ ಮಹಾರಾಜರ ಸಂಕಟಕ್ಕೆ ಕಣ್ಣೀರು ಹಾಕಿದೆ. ಆ ರಾತ್ರಿಯ ನೆನಪು ಮುಂದೆ ನನಗೆ ಒಂದು ಅನುಕೂಲದ ತತ್ತ್ವವಾಯಿತು. ಲೋಕದಲ್ಲಿ ಎಲ್ಲದಕ್ಕೂ ಒಂದು ಹಿಂಬದಿ ಇರುತ್ತದೆ, ಅದನ್ನು ಕೆದಕಬಾರದು, ಮುಂದಿನ ಮೈ ಚೆನ್ನಾಗಿದ್ದರೆ ಸಾಕು ಎಂದು ನಂಬಿ ನಾನು ಬಹುಕಾಲ ನಡೆದೆ.

ಶಹಾಪುರದಲ್ಲಿ ಈ ತತ್ತ್ವ ಕೆಲಸಕ್ಕೆ ಬರಲಿಲ್ಲ. ನಾವು ಕರೆಸಿದ ಬಡಿಗೇರನು ವಯಸ್ಸಿನಲ್ಲಿ ನನಗಿಂತ ಸಣ್ಣವನು, ಮಾತು ಕಡಮೆ. ಎಂಟು ಅಡಿ ಎತ್ತರ, ನಾಲ್ಕು ಅಡಿ ಅಗಲದ ನಾಲ್ಕು ಚೌಕಟ್ಟು ಮಾಡಿ, ಎರಡೂ ಕಡೆಗೆ ಪ್ಲೈವುಡ್ ಹಾಳೆ ಬಡಿದು ಕೊಟ್ಟ. ನಾಲ್ಕೂ ಕೂಡಿದರೆ ಹದಿನಾರು ಅಡಿಯ ಗೋಡೆ. ಒಂದೊಂದೂ ಚೆನ್ನಾಗಿತ್ತು. ಕೂಡಿಸುವುದು ಎಲ್ಲಿಂದ ಎಂದು ನಾನು ಕೇಳಿದೆ. ಅವನು ಗೋಡೆಯ ಈಚೆಗೊಮ್ಮೆ ಆಚೆಗೊಮ್ಮೆ ಸುತ್ತಿ ಬಂದು, “ಮಾಸ್ತರ್ರ, ಹಿಂದ ಅನ್ನೂದ ಇಲ್ಲದ ಗ್ವಾಡಿಗಿ ಹಗ್ಗ ಎಲ್ಲಿ ಕಟ್ಟಬೇಕ್ರಿ?” ಎಂದ.

ಮೊದಲು ಬಿಜಾಗರಿ ಹಚ್ಚಿ ನೋಡಿದೆವು. ಹಚ್ಚಿದ ಕಡೆಯಲ್ಲಿ ಅದರ ಕಬ್ಬಿಣ ಎದ್ದು ಕಾಣುತ್ತಿತ್ತು. ಇನ್ನೊಂದು ಕಡೆಯಲ್ಲಿ ಸಂದು ಬಾಯಿ ಬಿಡುತ್ತಿತ್ತು. ಸಂಜೆ ತಮ್ಮನ ಮನೆಯಲ್ಲಿ ದೀಪ ಹಚ್ಚಿದರೆ ಅಣ್ಣನ ಮನೆಯ ಗೋಡೆಯಲ್ಲಿ ಮೇಲಿಂದ ಕೆಳಗಿನವರೆಗೆ ಮೂರು ಬೆಳಕಿನ ಗೆರೆಗಳು ಮೂಡಿದವು. ಸಂದಿನ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿ ಬಣ್ಣ ಬಳಿದೆವು. ಗೆರೆ ಮುಚ್ಚಿತು, ಆದರೆ ಗೋಡೆಗೆ ಬಲ ಬರಲಿಲ್ಲ. ಒಬ್ಬ ನಟ ಬಾಗಿಲು ಜಗ್ಗಿ ಹಾಕಿದರೆ ಹದಿನಾರು ಅಡಿಯೂ ಒಮ್ಮೆಲೆ ತೂಗಿ, ಪಟ್ಟಿ ಪರ್ರೆಂದು ಹರಿಯುತ್ತಿತ್ತು. ಆನಿಕೆ ಕೊಡಲೇಬೇಕೆಂಬುದು ನಿಶ್ಚಯವಾಯಿತು. ಯಾವ ಕಡೆ?

ನಾಟಕ ಕಲಿಸುತ್ತಿದ್ದ ತರುಣನು ಒಳ್ಳೆಯವನು; ಅವನ ಮಾತನ್ನು ಇಲ್ಲಿ ಹೇಳುವುದು ಅವನನ್ನು ದೂರುವುದಕ್ಕಲ್ಲ. ಅವನು ಹೇಳಿದ: “ಸರ್, ಮೆಟ್ಟಿಲ ಕಡೆ ಕೊಟ್ಟುಬಿಡೋಣ. ಮೊದಲ ಆಟಕ್ಕೆ ಅಲ್ಲಿ ಕೂಡುವವರು ಹುಡುಗರು, ಹೆಣ್ಣುಮಕ್ಕಳು. ಸಾಹೇಬರೆಲ್ಲ ಬೇವಿನ ಕಡೆ ಕುರ್ಚಿಯ ಮೇಲೆ. ಮೇಲಾಗಿ ಅದು ಅಣ್ಣನ ಮನೆ, ಬಡವರ ಮನೆ; ನಾಲ್ಕು ಕಟ್ಟಿಗೆ ಕಂಡರೆ ಏನೂ ಅನಿಸುವುದಿಲ್ಲ.” ನನಗೆ ಇದು ಬಹಳ ಯುಕ್ತವಾಗಿ ಕಂಡಿತು. ಹೂಂ ಎಂದೆ. ಆ ‘ಹೂಂ’ ಎಷ್ಟು ಸಲೀಸಾಗಿ ನನ್ನ ಬಾಯಿಂದ ಬಂತೆಂಬುದನ್ನು ನಾನು ಈಗಲೂ ನೆನೆಯುತ್ತೇನೆ. ಬಡಿಗೇರನು ಮಾತ್ರ ಕೆಲಸಕ್ಕೆ ಕೈ ಹಾಕಲಿಲ್ಲ. “ಹಂಗ ಮಾಡಿದರ ಇದು ಎರಡು ಮೈ ಗ್ವಾಡಿ ಹ್ಯಾಂಗಾತ್ರಿ? ನಿಮ್ಮ ಕಡಿ ಗ್ವಾಡಿ, ಅವರ ಕಡಿ ಹಿಂದು. ಒಂದ ದಿನ ಕೊಡ್ರಿ ನನಗ. ಗ್ವಾಡಿ ತನ್ನ ಹೊಟ್ಟ್ಯಾಗ ತಾನ ಕೂಡಬೇಕು,” ಎಂದ.

ಮರುದಿನ ಅವನು ಮಾಡಿದ್ದು ಇಷ್ಟು. ಒಂದು ಚೌಕಟ್ಟು ಇನ್ನೊಂದಕ್ಕೆ ತಗಲುವ ಅಂಚಿನಲ್ಲಿ, ಎರಡಕ್ಕೂ ಮೇಲಿಂದ ಕೆಳಗಿನವರೆಗೆ ಉಳಿಯಿಂದ ಗಾಡಿ ತೋಡಿದ. ಎರಡು ಗಾಡಿಗಳಿಗೂ ಅರ್ಧರ್ಧ ಇಳಿಯುವಂಥ ಒಂದು ಉದ್ದನೆಯ ಕಟ್ಟಿಗೆಯ ಪಟ್ಟಿಯನ್ನು ನುಣುಪು ಮಾಡಿ ನಡುವೆ ಕೂಡಿಸಿದ. ಪಟ್ಟಿ ಹೊರಗೆ ಕಾಣುವುದಿಲ್ಲ, ಬೆಳಕನ್ನೂ ಬಿಡುವುದಿಲ್ಲ. ಮೇಲ್ತುದಿಯಲ್ಲಿ ಎರಡು ಚೌಕಟ್ಟುಗಳನ್ನೂ ಕಚ್ಚಿ ಹಿಡಿಯುವಂತೆ ಒಂದೊಂದು ಕಬ್ಬಿಣದ ತುಂಡನ್ನು ಇಳಿಬಿಟ್ಟ. ಎಂಟು ಅಡಿಯ ಮೇಲೆ ಅದನ್ನು ನೋಡುವವರಿಲ್ಲ. ಕೆಳಗೆ ಹೊಸ್ತಿಲಿನಂಥ ಭಾರವಾದ ತೊಲೆಯೊಂದರಲ್ಲಿ ಕಚ್ಚು ಕಡಿದು ಗೋಡೆಯನ್ನು ಅದರೊಳಗೆ ಇಳಿಸಿದ. ಕೊನೆಯದಾಗಿ, ಮೊದಲನೆಯ ಸಂದಿನಲ್ಲಿ ಗೋಡೆಯನ್ನು ತುಸು ಆಚೆಗೆ, ಮೂರನೆಯ ಸಂದಿನಲ್ಲಿ ತುಸು ಈಚೆಗೆ ಬಾಗಿಸಿದ. ತೊಲೆಯನ್ನೂ ಅದಕ್ಕೆ ತಕ್ಕಂತೆ ಮೂರು ತುಂಡು ಮಾಡಿ ಕೂಡಿಸಿದ. ಮಡಿಸಿದ ಕಾಗದವೊಂದನ್ನು ಮೇಜಿನ ಮೇಲೆ ನಿಲ್ಲಿಸಿ ನೋಡಿದವರಿಗೆ ಇದರ ಮರ್ಮ ತಿಳಿಯುತ್ತದೆ. ನೆಟ್ಟಗಿನ ಹಾಳೆ ಬೀಳುತ್ತದೆ, ಮಡಿಕೆ ಇದ್ದದ್ದು ನಿಲ್ಲುತ್ತದೆ. ಬಾಗಿದ್ದರಿಂದ ಅಣ್ಣನ ಮನೆಗೆ ಒಂದು ಮೂಲೆ ದೊರಕಿತು, ತಮ್ಮನ ಮನೆಗೂ ಒಂದು ಮೂಲೆ ದೊರಕಿತು. ಗೋಡೆಯನ್ನು ನಾನು ಕೈಯಿಂದ ನೂಕಿ ನೋಡಿದೆ, ಮಿಸುಕಲಿಲ್ಲ. ಆಚೆ ಹೋಗಿ ನೋಡಿದೆ. ಅಲ್ಲಿಯೂ ಗೋಡೆಯೇ ಇತ್ತು.

ನಾಟಕ ಚೆನ್ನಾಗಿ ಆಯಿತು. ಅದರ ವಿಮರ್ಶೆ ಇಲ್ಲಿ ಬೇಡ. ರಾತ್ರಿ ಶಹಾಪುರದಲ್ಲಿಯೇ ಉಳಿದೆ, ನಿದ್ರೆ ಬರಲಿಲ್ಲ. ನಾನು ಬಾಲ್ಯದಿಂದ ಕಾಪಾಡಿಕೊಂಡು ಬಂದ ಹಿಂಬದಿಯ ತತ್ತ್ವವು ಬಡಿಗೇರನ ಒಂದು ಮಾತಿನಿಂದ ಸಂದು ಬಿಟ್ಟಿತ್ತು.

ಕಂಪನಿಯ ಪಡದೆಗೆ ಹಿಂಬದಿ ಇದ್ದದ್ದು ತಪ್ಪೆ? ಅಲ್ಲ, ಈಗಲೂ ಅಲ್ಲವೆಂದೇ ಹೇಳುತ್ತೇನೆ. ನಮ್ಮ ನೀತಿವಂತರಲ್ಲಿ ಕೆಲವರು ಒಳಗು ಹೊರಗು ಒಂದೇ ಆಗಿರಬೇಕೆಂದು ಹೇಳುವಾಗ, ಮನುಷ್ಯನಿಗೆ ಮರೆಯೇ ಇರಬಾರದೆಂಬ ಧಾಟಿಯಲ್ಲಿ ಹೇಳುತ್ತಾರೆ. ಅದು ನಮ್ಮಿಂದಾಗುವ ಮಾತಲ್ಲ. ಬೀಡಿ ಸೇದಲು ಮಹಾರಾಜನಿಗೂ ಒಂದು ಮರೆ ಬೇಕು. ದುಃಖವನ್ನು ಮರೆಯಲ್ಲಿಟ್ಟು ಅತಿಥಿಯನ್ನು ನಗುತ್ತ ಬರಮಾಡಿಕೊಳ್ಳುವವಳು ಸುಳ್ಳುಗಾರ್ತಿಯಲ್ಲ. ಆದರೆ ಪಡದೆಯ ಹಿಂದೆ ಸಂಸಾರ ಹೂಡಿದವರು ಯಾರೂ ಇರಲಿಲ್ಲ. ಅಲ್ಲಿದ್ದವರು ಆಟದ ಪಾಲುದಾರರು. ಆ ತೇಪೆಗಳನ್ನು ಹಾಕಿದವರು ಅವರೇ. ತಪ್ಪು ಹುಟ್ಟುವುದು ನನ್ನ ಗೋಡೆಯ ಹಿಂಬದಿಯೇ ಇನ್ನೊಬ್ಬರ ಮನೆಯ ಮುಂಬದಿಯಾಗಿರುವಾಗ. ನನ್ನ ಗೋಡೆ ನಿಲ್ಲಲೆಂದು ನಾನು ಕೊಟ್ಟ ಆನಿಕೆ ಇನ್ನೊಬ್ಬರ ಪಡಸಾಲೆಯಲ್ಲಿ ಕಾಲು ಚಾಚಿ ಮಲಗಿರುವಾಗ.

ಹೀಗೆ ನೋಡತೊಡಗಿದರೆ ನಮ್ಮಂಥ ಪಟ್ಟಣದ ಸಭ್ಯರ ಬಾಳಿನಲ್ಲಿ ಎಷ್ಟು ಆನಿಕೆಗಳು! ಬಂದವರೊಡನೆಲ್ಲ ಮೃದುವಾಗಿ ಮಾತಾಡುವ ಅಧಿಕಾರಿಯ ಮೃದುತ್ವಕ್ಕೆ ಕೊಟ್ಟ ಕಟ್ಟಿಗೆಗಳನ್ನು ನೋಡಬೇಕಾದರೆ ಅವನ ಕೈಕೆಳಗಿನ ಗುಮಾಸ್ತನ ಮೇಜಿನ ಹತ್ತಿರ ಹೋಗಬೇಕು. ಊರಿಗೆಲ್ಲ ಊಟ ಹಾಕುವನೆಂದು ಹೆಸರಾದ ಉದಾರಿಯ ಔದಾರ್ಯವು ಅಡಿಗೆಮನೆಯಲ್ಲಿ ನಡುರಾತ್ರಿಯವರೆಗೆ ನಿಂತ ಎರಡು ಕಾಲುಗಳ ಮೇಲೆ ನಿಂತಿರುತ್ತದೆ. ನನ್ನನ್ನೇ ಹೇಳಬೇಕೆಂದರೆ, ಶಾಂತ ಸ್ವಭಾವದ ಮಾಸ್ತರರೆಂದು ನನಗೆ ಯಾದಗಿರಿಯಲ್ಲಿ ಹೆಸರಿದೆ. ಶಾಲೆಯಲ್ಲಿ ನುಂಗಿದ ಸಿಟ್ಟನ್ನು ನಾನು ಮನೆಗೆ ತಂದು, ಮಾತಾಡದೆ ಕೂತು, ಹೆಂಡತಿ ಮಕ್ಕಳು ಪಿಸುಮಾತಿನಲ್ಲಿ ಓಡಾಡುವ ಹಾಗೆ ಮಾಡಿದ ಸಂಜೆಗಳ ಲೆಕ್ಕ ಆ ಹೆಸರಿನಲ್ಲಿ ಸೇರಿಲ್ಲ. ಆ ಶಾಂತಿಯ ಹಗ್ಗ, ಮೊಳೆ, ಉಸುಕಿನ ಚೀಲಗಳೆಲ್ಲ ಅವರ ಕಡೆ ಇದ್ದವು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಆನಿಕೆಯಿಲ್ಲದೆ ಯಾವ ಗೋಡೆ ನಿಂತೀತು? ಯಾರ ಆಸರೆಯೂ ಬೇಡವೆನ್ನುವುದು ಇನ್ನೂ ದೊಡ್ಡ ಸೊಕ್ಕಲ್ಲವೆ? ನಿಜ. ಶಹಾಪುರದ ಗೋಡೆಗೂ ಆಸರೆ ಇತ್ತು; ಅದು ತೂಕದ ತೊಲೆಯ ಮೇಲೆ, ಕಬ್ಬಿಣದ ಹಿಡಿತದಲ್ಲಿ ನಿಂತಿತ್ತು. ಭೇದವಿರುವುದು ಆ ಆಸರೆಯ ಬೆಲೆಯನ್ನು ತೆತ್ತವರು ಯಾರು ಎಂಬಲ್ಲಿ. ಓರೆ ಆನಿಕೆ ಕೊಟ್ಟರೆ ಗೋಡೆಗೆ ಏನೂ ಖರ್ಚಿಲ್ಲ. ಸ್ಥಳ ಹೋಗುವುದು ಆಚೆಯವರದು. ಬಡಿಗೇರನ ರೀತಿಯಲ್ಲಿ ಕೂಡುವ ಎರಡು ಚೌಕಟ್ಟುಗಳೂ ತಮ್ಮ ತಮ್ಮ ಅಂಚನ್ನು ಕೊರೆಸಿಕೊಳ್ಳಬೇಕಾಯಿತು. ನೆಟ್ಟಗೆ ನಿಲ್ಲುವ ಬಿಂಕವನ್ನು ಬಿಟ್ಟು ಬಾಗಬೇಕಾಯಿತು. ಬಾಗಿದ್ದರಿಂದ ಹದಿನಾರು ಅಡಿಯ ಗೋಡೆ ಅಳತೆಯಲ್ಲಿ ತುಸು ಮೊಟಕೂ ಆಯಿತು.

ಇನ್ನೊಂದು ಆಕ್ಷೇಪ: ಎರಡು ಮೈಗಳೂ ಒಂದೇ ಬಗೆಯಾಗಿರಬೇಕೆ? ಬೇಡ. ನಮ್ಮ ಗೋಡೆಯಲ್ಲಿ ತಮ್ಮನ ಕಡೆಗೆ ಹಸಿರು ಡಿಸ್ಟೆಂಪರು, ಅಣ್ಣನ ಕಡೆಗೆ ಹೊಗೆ ಹಿಡಿದ ಸುಣ್ಣ. ಮಗುವಿನೊಡನೆ ಆಡುವ ಮಾತು ಬೇರೆ, ಮೇಲಧಿಕಾರಿಯೊಡನೆ ಆಡುವ ಮಾತು ಬೇರೆ, ಅದು ಕಪಟವಲ್ಲ. ಶಹಾಪುರದ ಬೆಟ್ಟಗಳ ಸಾಲು ರಸ್ತೆಯ ಒಂದು ನೆಲೆಯಿಂದ ನೋಡಿದರೆ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲವನ್ನೂ ತೋರಿಸಬಹುದು. ಬಸ್ಸು ನಾಲ್ಕು ಮಾರು ಮುಂದೆ ಹೋದರೆ ಬುದ್ಧನಿಲ್ಲ, ಬರಿಯ ಬಂಡೆ. ಬೆಟ್ಟ ನಮ್ಮನ್ನು ವಂಚಿಸಿತೆಂದು ಯಾರಾದರೂ ಅನ್ನುವರೆ? ಬೇರೆ ಬೇರೆ ನೆಲೆಗೆ ಬೇರೆ ಬೇರೆಯಾಗಿ ಕಾಣುವುದು ಬೆಟ್ಟದ ಸಹಜಗುಣ. ಆದರೆ ಬೆಟ್ಟವನ್ನು ಯಾರೂ ಕಟ್ಟಲಿಲ್ಲ. ನಾನು ಕಟ್ಟಿದ ಗೋಡೆಯ ಮಾತು ಬೇರೆ. ಅದರ ಎರಡು ಮೈ ಒಂದೇ ಬಣ್ಣದವಾಗಿರಬೇಕಿಲ್ಲ, ಎರಡೂ ಪೂರ್ತಿಯಾಗಿರಬೇಕು.

ಕಟ್ಟಿದ ಗೋಡೆಯೆಂದೆ. ಇಷ್ಟು ಹೊತ್ತು ತತ್ತ್ವದ ಸುತ್ತ ಸುತ್ತಿ ಬಂದದ್ದು ಈ ಮಾತನ್ನು ಮುಂದೂಡುವುದಕ್ಕೆಂದು ವಾಚಕರು ಊಹಿಸಿರಬಹುದು.

ಸುರಪುರದ ನಮ್ಮ ಮನೆ 1991ರಲ್ಲಿ ಪಾಲಾಯಿತು. ಜಗಳವಾಡಿ ಆದ ಪಾಲಲ್ಲ. ಅಣ್ಣ ಊರಲ್ಲಿ ಉಳಿದು ಹೊಲ ನೋಡಿಕೊಂಡಿದ್ದ, ನನಗೆ ಸಂಬಳವಿತ್ತು. ಪಡಸಾಲೆಯ ನಡುವೆ ಗೋಡೆ ಹಾಕಿಸುವುದೆಂದಾಯಿತು. ಖರ್ಚು ಪೂರ್ತಿ ನನ್ನದೇ ಇರಲಿ ಎಂದು ನಾನು ಹೇಳಿದೆ; ನಾಲ್ಕು ಜನ ಹಿರಿಯರು ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಇಟ್ಟಂಗಿಯ ಗೋಡೆ ಎದ್ದಿತು. ನನ್ನ ಕಡೆಗೆ ಗಿಲಾವು ಮಾಡಿಸಿ ಸುಣ್ಣ ಹೊಡೆಸಿದೆ. ಗೌಂಡಿಯು ಹೋಗುವ ಮುಂದೆ, “ಆಕಡಿ ಮೈ ಹಂಗ ಬಿಡೂದೇನ್ರಿ?” ಎಂದು ಕೇಳಿದ. “ಅದು ಅವರ ಕಡೆಯದು, ಅವರು ಮಾಡಿಸಿಕೊಳ್ಳಲಿ,” ಎಂದೆ. ಕಾಯಿದೆಯ ಪ್ರಕಾರ ಇರಲಿ, ರೂಢಿಯ ಪ್ರಕಾರ ಇರಲಿ, ಈ ಮಾತಿನಲ್ಲಿ ತಪ್ಪಿಲ್ಲ. ನಾಲ್ಕು ಜನ ಹಿರಿಯರನ್ನು ಮತ್ತೆ ಕೂಡಿಸಿ ಕೇಳಿದ್ದರೂ ಹಾಗೆಯೇ ಹೇಳುತ್ತಿದ್ದರು. ಆ ವರ್ಷ ಅಣ್ಣನಿಗೆ ಮಗಳ ಮದುವೆಯಿತ್ತು. ಮರುವರ್ಷ ಬೆಳೆ ಕೈಕೊಟ್ಟಿತು. ಆಮೇಲೆ ಇನ್ನೊಬ್ಬ ಮಗಳ ಮದುವೆ. ಗಿಲಾವು ಆಗಲೇ ಇಲ್ಲ.

ಇಪ್ಪತ್ತೇಳು ವರ್ಷಗಳಲ್ಲಿ ನಾನು ಆ ಮನೆಗೆ ಎಷ್ಟೋ ಸಲ ಹೋಗಿದ್ದೇನೆ. ಅಣ್ಣನ ಕಡೆ ಹೋಗಿ ಊಟಮಾಡಿದ್ದೇನೆ. ಬಂದವರಿಗೆಂದು ಅತ್ತಿಗೆ ಹಾಸುತ್ತಿದ್ದ ಜಮಖಾನೆ ಆ ಗೋಡೆಗೆ ಹತ್ತಿಯೇ ಇರುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದೆ. ಹೀಗಾಗಿ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಅದನ್ನು ಎದುರಿಗಿಟ್ಟುಕೊಂಡು ಕೂತವರು ಅವರು.

ಅತ್ತಿಗೆಗೆ ಕಸೂತಿಯ ಕೈಯಿತ್ತು. ನಮ್ಮ ಉತ್ತರ ಕರ್ನಾಟಕದ ಕಸೂತಿಯಲ್ಲಿ ಗವಂತಿ, ಮುರಗಿ ಎಂಬ ಹೊಲಿಗೆಗಳುಂಟು. ದಾರಕ್ಕೆ ಗಂಟು ಹಾಕದೆ, ಒಂದು ಸಲ ಬಿಟ್ಟು ಬಿಟ್ಟು ಹೋಗಿ, ಬರುವಾಗ ಬಿಟ್ಟ ಸ್ಥಳವನ್ನು ತುಂಬುತ್ತ ಬರುವುದು. ಮುಗಿದ ಮೇಲೆ ಸೀರೆಯ ಸೆರಗನ್ನು ಹಿಂದು ಮುಂದು ಮಾಡಿ ನೋಡಿದರೂ ಒಂದೇ ಚಿತ್ರ. ನನ್ನ ಮಗಳಿಗೆ ಅವರೇ ಅದನ್ನು ಕಲಿಸಿದರು. ಹುಡುಗಿ ಮೊದಲ ದಿನ ಹೂವೊಂದನ್ನು ಮಾಡಿ ಹೆಮ್ಮೆಯಿಂದ ತೋರಿಸಿದಾಗ ಅತ್ತಿಗೆ ಬಟ್ಟೆಯನ್ನು ಮಗುಚಿ ಹಿಂದಿನ ಗಂಟುಗಳನ್ನು ನೋಡಿ, ನಕ್ಕು, ಬಿಚ್ಚಿಕೊಟ್ಟರು. ಅದನ್ನು ನೋಡುತ್ತ ನಾನು ಅಲ್ಲಿಯೇ ಕೂತಿದ್ದೆ, ಆ ಗೋಡೆಗೆ ಬೆನ್ನು ಕೊಟ್ಟು.

ಅತ್ತಿಗೆ 2016ರಲ್ಲಿ ತೀರಿಕೊಂಡರು.

ನಾಟಕದ ಮರುದಿನ ನಾನು ಯಾದಗಿರಿಯ ಬಸ್ಸು ಹತ್ತಲಿಲ್ಲ. ಸುರಪುರದ ಬಸ್ಸು ಹತ್ತಿದೆ. ಅಣ್ಣ ಒಬ್ಬನೇ ಇದ್ದ. ಜಮಖಾನೆ ಹಾಸಿದ. ನಾನು ಅದರ ಮೇಲೆ ಕೂಡದೆ ಎದುರಿನ ಕಂಬಕ್ಕೆ ಹೊಂದಿ ಕೂತೆ. ಆಗ ಗೋಡೆಯನ್ನು ನೋಡಿದೆ. ಇಟ್ಟಂಗಿಗಳ ನಡುವೆ ಉಕ್ಕಿದ ಗಾರೆ ಹಾಗೆಯೇ ಹೆಪ್ಪುಗಟ್ಟಿ ನಾಲಗೆಗಳಂತೆ ಜೋತಿತ್ತು. ಗೌಂಡಿಗಳು ಬೊಂಬು ಕಟ್ಟಿದ ತೂತುಗಳು ಇದ್ದ ಹಾಗೆಯೇ ಇದ್ದವು. ಸಂದುಗಳಲ್ಲಿ ಮೊಳೆ ಬಡಿದು ಕ್ಯಾಲೆಂಡರುಗಳನ್ನು ತೂಗುಹಾಕಿದ್ದರು. ಆದಷ್ಟು ಮುಚ್ಚಲಿ ಎಂದಿರಬೇಕು. ಒಂದು ತೂತಿನ ಸುತ್ತ ಮಾತ್ರ ಕಪ್ಪಗೆ ಎಣ್ಣೆಯ ಹೊಗೆ ಹಿಡಿದಿತ್ತು.

“ಅಣ್ಣಾ, ಈ ಗೋಡೆಗೆ ಗಿಲಾವು ಮಾಡಿಸ್ತೀನಿ,” ಎಂದೆ.

ಅವನು ನನ್ನ ಮುಖ ನೋಡಿದ. “ಈಗ ಯಾಕಪಾ? ಗ್ವಾಡಿ ನಿಂತದಲ್ಲ,” ಎಂದ.

ಅವನ ದನಿಯಲ್ಲಿ ಚುಚ್ಚುವ ಭಾವ ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು. ಆಗಲೇ ಮಾಡಿಸಬೇಕಿತ್ತು, ಲಕ್ಷ್ಯಕ್ಕೆ ಬರಲಿಲ್ಲ ಎಂದೆ. ಅದು ಪೂರ್ತಿ ಸತ್ಯವಲ್ಲ. ಗೌಂಡಿ ಕೇಳಿದ್ದನೆಂಬುದನ್ನು ನಾನು ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅದನ್ನೂ ಹೇಳಿದೆ. ಅಣ್ಣ ಏನೂ ಅನ್ನಲಿಲ್ಲ. ಎದ್ದು ಹೋಗಿ ಚಹಾ ಮಾಡಿಕೊಂಡು ಬಂದ. ಕುಡಿಯುತ್ತ, “ಆ ತೂತಿನ್ಯಾಗ ಆಕಿ ದೀಪ ಇಡತಿದ್ಲು,” ಎಂದ. ಆಮೇಲೆ, “ಮಾಡಸು,” ಎಂದ.

2019ರ ಯುಗಾದಿಗೆ ಮೊದಲು ಗೌಂಡಿ ಬಂದ. ಹಳೆಯವನಲ್ಲ, ಹೊಸ ಹುಡುಗ. ಗಾರೆಯ ನಾಲಗೆಗಳನ್ನು ಕೆತ್ತಿ ಹಾಕಿ, ನೀರು ಹೊಡೆದು, ಮೇಲಿನಿಂದ ಗಿಲಾವು ಮಾಡುತ್ತ ಬಂದ. ಕಪ್ಪು ಹಿಡಿದ ತೂತಿನ ಹತ್ತಿರ ಬಂದು ಕೈ ತಡೆದು, “ಇದನ್ನ ಮುಚ್ಚಲೇನ್ರಿ?” ಎಂದು ತಿರುಗಿ ನೋಡಿದ. ಅಣ್ಣನೂ ನಾನೂ ಒಮ್ಮೆಲೆ “ಬ್ಯಾಡ” ಎಂದೆವು. ಅದರ ಸುತ್ತ ಅಂಚು ಕಟ್ಟಿ, ಒಳಗಿನ ಮಸಿಯನ್ನು ಮುಟ್ಟದೆ ಬಿಟ್ಟ.

ಗೋಡೆ ಈಗ ಎರಡೂ ಕಡೆ ಪೂರ್ತಿಯಾಗಿದೆ. ನನ್ನ ಮನಸ್ಸು ಹಗುರಾಯಿತೆ ಎಂದು ಯಾರಾದರೂ ಕೇಳಿದರೆ ಆಯಿತೆಂದು ಹೇಳಲಾರೆ. ಗಿಲಾವಿಗೆ ಹತ್ತಿದ್ದು ಮೂರು ದಿನ. ಖರ್ಚು ನನ್ನ ಒಂದು ತಿಂಗಳ ಪಿಂಚಣಿಗಿಂತ ಕಡಮೆ. ಇಷ್ಟು ಸಣ್ಣ ಕೆಲಸ ಇಪ್ಪತ್ತೇಳು ವರ್ಷ ಉಳಿದದ್ದು ಹೇಗೆಂಬುದಕ್ಕೆ, ನಾನು ಬೆನ್ನು ಕೊಟ್ಟು ಕೂತಿದ್ದೆನೆಂಬುದರ ಹೊರತು ಬೇರೆ ಕಾರಣವನ್ನು ಕಾಣೆ. ಈಗ ಸುರಪುರಕ್ಕೆ ಹೋದಾಗ ಎದುರಿನ ಕಂಬದ ಹತ್ತಿರ ಕೂಡುತ್ತೇನೆ. ಸಂಜೆಗೆ ಅಣ್ಣ ಆ ತೂತಿನಲ್ಲಿ ದೀಪ ಇಡುತ್ತಾನೆ.